ಅರ್ಧ ಅಂಗಳ

ಆ ಭಾನುವಾರ ಬೆಳಿಗ್ಗೆ ಸಮುದ್ರದ ಖಾಡಿಯ ಕಡೆಯಿಂದ ಎದ್ದ ಮಂಜು ಸೀವುಡ್ಸನ್ನು ಅರ್ಧಕ್ಕೆ ನುಂಗಿ ಕೂತಿತ್ತು. ಹದಿನಾಲ್ಕು ಮಾಳಿಗೆಯ ಕಟ್ಟಡಗಳಿಗೆ ಆರನೆಯ ಮಾಳಿಗೆಯಿಂದ ಮೇಲೆ ಏನೂ ಇರಲಿಲ್ಲ. ಹೊಸ ಸ್ಟೇಷನ್ ಕಟ್ಟಲು ನಿಲ್ಲಿಸಿದ ಕ್ರೇನಿನ ಕೊಕ್ಕೆಯೊಂದು ಮಾತ್ರ, ಹಿಡಿದವರು ಯಾರೆಂದು ಕಾಣದಂತೆ, ಬಿಳಿಯೊಳಗೆ ತೂಗುತ್ತಿತ್ತು. ಫೆಬ್ರುವರಿ ಅರ್ಧ ಕಳೆದು ಬಾದಾಮಿ ಮರಗಳು ಮೈ ಕಳಚುವ ಕಾಲ. ರಾತ್ರಿಯಿಡೀ ಉದುರಿದ ಅಂಗೈಯಗಲದ ಕೆಂಪೆಲೆಗಳು ಮಂಜಿನ ನೀರು ಕುಡಿದು ವಸತಿ ಸೊಸೈಟಿಯ ಅಂಗಳಕ್ಕೆ ಅಂಟಿಕೊಂಡಿದ್ದವು.

ಒಣಗಿದ ಎಲೆ ಪೊರಕೆ ಕಂಡರೆ ತಾನೇ ಮುಂದೆ ಓಡುತ್ತದೆ. ಒದ್ದೆ ಎಲೆಯ ಹಟ ಬೇರೆ. ಪೊರಕೆಯ ಕಡ್ಡಿಗಳನ್ನು ತೊಟ್ಟಿನ ಬದಿಯಿಂದ ಅಡಿಗೆ ತೂರಿಸಿ ಅಡ್ಡಕ್ಕೆ ಎಳೆದರೆ ಮಾತ್ರ ಅದು ಏಳುತ್ತದೆ; ಎದುರಿನಿಂದ ತಳ್ಳಿದರೆ ಹರಿದು ಅರ್ಧ ನೆಲದಲ್ಲೇ ಉಳಿಯುತ್ತದೆ. ಈ ವಿದ್ಯೆಯನ್ನು ಬಾಗಿಗೆ ಕಲಿಸಿದವಳು ಗಂಗಾ.

ಎಂಟು ವರ್ಷದ ಹಿಂದೆ, ಯಾದಗಿರಿ ಕಡೆಯಿಂದ ಗಂಡನ ಹಿಂದೆ ಬಂದ ಬಾಗಿ ಕಳವಾ ಊರಿನ ನಾಕಾದಲ್ಲಿ ಕೂಲಿಗೆಂದು ನಿಲ್ಲುತ್ತಿದ್ದಳು. ನಾಕಾವೆಂದರೆ ಮನುಷ್ಯರ ಸಂತೆ. ಕೂಲಿಯಾಳು ಆರಿಸುವ ಮುಕಾದಮ ಬರುತ್ತಾನೆ, ರಟ್ಟೆ ಹಿಚುಕಿ ನೋಡುತ್ತಾನೆ; ಹಲ್ಲು ಬಿಡಿಸಿ ನೋಡುವುದೊಂದು ಬಾಕಿ. ಆಗ ಅವಳಿಗೆ ಆರು ತಿಂಗಳು. ಬಸುರಿಯ ರಟ್ಟೆ ಯಾರಿಗೂ ಬೇಡ. ಹತ್ತು ದಿನ ನಿಂತು ನಿಂತು ಬರಿಗೈಯಲ್ಲಿ ಮರಳಿದವಳನ್ನು ಅವಳ ಚಾಳಿನಲ್ಲೇ ಇದ್ದು ಈ ಅಂಗಳ ಗುಡಿಸುತ್ತಿದ್ದ ಗಂಗಾ ನೋಡಿದಳು. ಹನ್ನೊಂದನೆಯ ದಿನ ಗಂಗಾ ಸೊಸೈಟಿಯವರ ಮುಂದೆ ಸೊಂಟ ಹಿಡಿದುಕೊಂಡು ನಿಂತು, ಇಷ್ಟು ದೊಡ್ಡ ಅಂಗಳ ತನ್ನೊಬ್ಬಳಿಂದ ಆಗುವುದಿಲ್ಲ, ತನ್ನ ಪಗಾರದಲ್ಲೇ ಅರ್ಧ ಮುರಿದು ಇನ್ನೊಬ್ಬಳಿಗೆ ಕೊಡಿ ಎಂದು ಬೇಡಿಕೊಂಡಳು. ಅವಳ ಸೊಂಟಕ್ಕೆ ಆಗ ಏನೂ ಆಗಿರಲಿಲ್ಲ. ಬಸುರಿಗೆ ಬಗ್ಗಲಾಗದೆಂದು, ಬಿದಿರಿನ ಉದ್ದ ಹಿಡಿ ಕಟ್ಟಿದ್ದ ತನ್ನ ಪೊರಕೆಯನ್ನು ಬಾಗಿಯ ಕೈಗಿತ್ತು, ತಾನು ಗಿಡ್ಡ ಪೊರಕೆ ಹಿಡಿದು ಬಗ್ಗಿದಳು. ಹೆರಿಗೆಯಾಯಿತು, ಹುಟ್ಟಿದ ಮಗಳು ಶಾಲೆಗೆ ಹೋಗತೊಡಗಿದಳು, ಕಡ್ಡಿಗಳು ಸವೆದು ಎಷ್ಟೋ ಸಲ ಬದಲಾದವು. ಬಿದಿರಿನ ಹಿಡಿ ಮಾತ್ರ ಬಾಗಿಯ ಕೈಯಲ್ಲೇ ಉಳಿಯಿತು. ಎಂಟು ವರ್ಷ ಬಗ್ಗಿದ ಗಂಗಾಳ ಸೊಂಟ ಈಗ ನಿಜವಾಗಿಯೂ ನೆಟ್ಟಗಾಗುತ್ತಿರಲಿಲ್ಲ.

ಗೇಟಿನಿಂದ ಪಂಪಿನ ಕೋಣೆಯವರೆಗೆ ಗಂಗಾಳದು. ಅಲ್ಲಿಂದ ಹಿಂದಿನ ಗೋಡೆಯವರೆಗೆ ಬಾಗಿಯದು. ಗುಡಿಸುವ ಮೊದಲು ಇಬ್ಬರೂ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇದೂ ಗಂಗಾ ಕಲಿಸಿದ್ದೇ. ಉದುರಿದ ಎಲೆಗೂ ಹೊರಲು ನಾಲ್ಕು ಮಂದಿ ಬೇಕಲ್ಲ, ನಾವೇ ಆ ನಾಲ್ಕು ಮಂದಿ, ಅದಕ್ಕೇ ಒದ್ದು ದೂಡಬಾರದು, ಕರೆದುಕೊಂಡು ಹೋಗಬೇಕು ಎಂದು ಅವಳು ಹೇಳುತ್ತಿದ್ದಳು. ಮೈಲಾಪುರದ ಮಲ್ಲಯ್ಯ ದೇವರೇ ಕಿವಿಯಲ್ಲಿ ಹೇಳಿದ್ದಾನೇನೋ ಎಂಬಂತೆ ಹೇಳುತ್ತಿದ್ದಳು.

ಎಂಟೂವರೆಯ ಹೊತ್ತಿಗೆ ಅಂಗಳ ತೊಳೆದಿಟ್ಟ ತಟ್ಟೆಯಾಗಿತ್ತು. ಆರು ಚೀಲ ಎಲೆ ಗೋಡೆಗೊರಗಿ ಕೂತಿದ್ದವು. ಆಗ ಚೇರ್ಮನ್ ಹಯಗ್ರೀವ ರಾಯರು ಪೂಜೆ ಮುಗಿಸಿ, ಹಣೆಗೆ ಗಂಧದ ಬೊಟ್ಟಿಟ್ಟುಕೊಂಡು ಲಿಫ್ಟಿನಿಂದ ಹೊರಬಂದರು. ಉಡುಪಿ ಕಡೆಯವರು, ದೊಡ್ಡ ಆಫೀಸಿನಲ್ಲಿದ್ದು ರಿಟೈರಾದವರು. ಬಾಗಿ, ಗಂಗಾ ತಮ್ಮ ಕನ್ನಡದವರು ಎಂಬ ಅಭಿಮಾನ ಅವರಿಗಿತ್ತು. ಬೇರೆಯವರು ಹಿಂದಿಯಲ್ಲಿ ಬೈದರೆ ಅವರು ಕನ್ನಡದಲ್ಲಿ ಬೈಯುತ್ತಿದ್ದರು.

"ಇವತ್ತು ಗುಡಿಸಲಿಕ್ಕೆ ನಿಮಗೆ ಯಾರು ಹೇಳಿದ್ದು? ತಲೆಯಲ್ಲಿ ಸೆಗಣಿ ಉಂಟಾ?"

"ದಿನಾ ಕಸ ಹೊಡಿತೀವಲ್ರಿ ಸಾಹೇಬ್ರ," ಎಂದಳು ಬಾಗಿ. "ಬ್ಯಾಡ ಅಂತ ಯಾರೂ ಹೇಳಲಿಲ್ಲ."

"ಹತ್ತು ಗಂಟೆಗೆ ಮಷಿನಿನವ ಬರ್ತಾನೆ. ಬಂದು ಏನು ಹಾರಿಸಬೇಕು ಅವ, ನಿನ್ನ ಸೆರಗಾ? ಚೀಲ ಬಿಚ್ಚಿ. ಮೊದಲು ಹೇಗಿತ್ತೋ ಹಾಗೇ ಹರಡಿ."

ಎಲೆ ಹಾರಿಸುವ ಮಷಿನಿನ ಮಾತು ದೀಪಾವಳಿಯಿಂದ ಸೊಸೈಟಿಯಲ್ಲಿ ಓಡಾಡುತ್ತಿತ್ತು. ಮಷಿನು ಬಂದರೆ ಕೆಲಸ ಹಗುರಾಗುತ್ತದೆಂದು ಇವರಿಬ್ಬರೂ ತಿಳಿದಿದ್ದರು. ರಾಯರು ಅತ್ತ ತಿರುಗಿದ ಮೇಲೆ ಗಂಗಾ ಮೊದಲ ಚೀಲದ ಬಾಯಿ ಬಿಚ್ಚಿದಳು. "ಹಡದ ಕೂಸಿನ್ನ ತಿರುಗಿ ಹೊಟ್ಟ್ಯಾಗ ಹಾಕ್ಕೊ ಅಂತಾನ ನೋಡು, ಹಾಟ್ಯಾ," ಎಂದು ಚೀಲವನ್ನು ತಲೆಕೆಳಗು ಮಾಡಿದಳು. ಅವಳಿಗೆ ಹರಡಲು ಬಿಟ್ಟು, ರಾಯರು ಕೊಟ್ಟ ಚೀಟಿಯನ್ನು ಹಿಡಿದು ಬಾಗಿ ಸ್ಟೇಷನ್ ಕಡೆಯ ಹೋಟೆಲಿಗೆ ನಡೆದಳು. ಭಾನುವಾರದ ಕಮಿಟಿಗೆ ಅಲ್ಲಿಂದಲೇ ತಿಂಡಿ ಪಾರ್ಸೆಲ್ ಬರಬೇಕು; ತರುವುದು ಬಾಗಿಯ ಪಾಲಿಗೆ ಬಂದು ಮೂರು ವರ್ಷ.

ಪಾರ್ಸೆಲ್ ಕೌಂಟರಿನಲ್ಲಿ ಕಾರ್ಕಳದ ವಾಸು ನಿಂತಿದ್ದ. ಇಡ್ಲಿಯನ್ನು ಬಾಳೆಲೆಗೆ, ಚಟ್ನಿಯನ್ನು ಪ್ಲಾಸ್ಟಿಕ್ ತೊಟ್ಟೆಗೆ, ಸಾಂಬಾರನ್ನು ಇನ್ನೊಂದು ತೊಟ್ಟೆಗೆ ತುಂಬಿ, ದಾರವನ್ನು ಹಲ್ಲಿನಲ್ಲಿ ಕಡಿದು ಕಟ್ಟುತ್ತಿದ್ದ. ಅವನ ಮುಂದೆ ಒಂದು ಸ್ಟೀಲ್ ಲೋಟ. ಅದರೊಳಗೆ ಒಂದೇ ಐದು ರೂಪಾಯಿಯ ನಾಣ್ಯ. ಬೆಳಿಗ್ಗೆ ತಾನೇ ಹಾಕುತ್ತಾನೆ, ಇದು ಟಿಪ್ಪಿನ ಲೋಟ ಎಂದು ಗಿರಾಕಿಗಳಿಗೆ ತಿಳಿಯಲಿ ಅಂತ. ರಾತ್ರಿ ಅದನ್ನೇ ತೆಗೆದು ಜೇಬಿಗೆ ಹಾಕಿಕೊಂಡು ಮಲಗಲು ಹೋಗುತ್ತಾನೆ.

"ಕೂತು ತಿಂದವರು ಟೇಬಲ್ ಮೇಲೆ ಇಟ್ಟು ಹೋಗ್ತಾರೆ ಬಾಗಕ್ಕ," ಎಂದ, ಚೀಟಿ ಓದುತ್ತ. "ಪಾರ್ಸೆಲಿನವರಿಗೆ ಇಡ್ಲಿ ತಾನೇ ದಾರ ಕಟ್ಟಿಕೊಂಡು ಬಂದದ್ದು ಅಂತ ಲೆಕ್ಕ."

ಪಾರ್ಸೆಲ್ ಹೊತ್ತೊಯ್ಯುವವರಿಗೆಂದು ಅವನು ಹಿಂದಿನಿಂದ ಅರ್ಧ ಲೋಟ ಚಹಾ ತಂದುಕೊಡುವುದಿತ್ತು. ಇವತ್ತು ಚಹಾ ಕೊಟ್ಟು, ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ನಿಂತ. ನಿನ್ನೆ ಸಂಜೆ ರಾಯರು ಮೂರನೇ ಟೇಬಲಿನಲ್ಲಿ ಕಾಫಿ ಕುಡಿಯುತ್ತ ಯಾರೊಂದಿಗೋ ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ಮಷಿನು ಬಂದಮೇಲೆ ಗುಡಿಸುವವರು ಒಬ್ಬರೇ. ದೊಡ್ಡ ಮಷಿನು ಹೊರುವಷ್ಟು ಗಟ್ಟಿ ಇದ್ದವರನ್ನು ಇಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಹಬ್ಬದ ಸೀರೆ ಕೊಟ್ಟು ಕಳಿಸುವುದು.

"ನಿನ್ನನ್ನು ತೆಗೆಯಲಿಕ್ಕಿಲ್ಲ ಮಾರಾಯ್ತಿ," ಎಂದ ವಾಸು. "ನೀನು ಗಟ್ಟಿ ಇದ್ದೀಯಲ್ಲ."

ಬಾಗಿ ಚಹಾವನ್ನು ಅರ್ಧಕ್ಕೇ ಇಟ್ಟು ಪಾರ್ಸೆಲ್ ಎತ್ತಿಕೊಂಡಳು.

ಅವಳು ಮರಳುವಾಗ ಆರು ಚೀಲದ ಎಲೆ ಅಂಗಳದ ತುಂಬ ಬಿದ್ದಿತ್ತು. ಗಂಗಾ ಕೊನೆಯ ಚೀಲ ಕೊಡವುತ್ತಿದ್ದಳು. ಕಮಿಟಿಯ ಕೋಣೆ ಗೇಟಿನ ಪಕ್ಕದಲ್ಲಿತ್ತು. ಒಳಗೆ ಬರಕೂಡದೆಂದು ಯಾರೂ ಹೇಳಿರಲಿಲ್ಲ. ಹೊಸ್ತಿಲ ಹೊರಗೆ ಒಂದು ಸ್ಟೂಲು ಇಟ್ಟಿದ್ದರು, ಅಷ್ಟೆ. ಪಾರ್ಸೆಲನ್ನು ಸ್ಟೂಲಿನ ಮೇಲಿಟ್ಟು ಮೂರು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು, ರಾಯರು ಬಂದು ತೆಗೆದುಕೊಳ್ಳುತ್ತಾರೆ. ಮಡಿ ಅಂತಲ್ಲ, ಹೈಜೀನ್ ಎಂದು ಅವರು ಒಮ್ಮೆ ಉಳಿದವರಿಗೆ ವಿವರಿಸಿದ್ದರು.

ಒಳಗೆ ಸೆಕ್ರೆಟರಿ ಪುಷ್ಪಾವತಿ ಶೆಟ್ಟಿಯವರು ತಟ್ಟೆ ಜೋಡಿಸುತ್ತಿದ್ದರು. ಮೊದಲ ಮಾಳಿಗೆಯವರು, ಮೃದು ಮಾತಿನವರು. ಪಾರ್ಸೆಲ್ ಕಟ್ಟುವವನಿಗೂ ಏನಾದರೂ ಕೊಟ್ಟು ಕಳಿಸಬೇಕಿತ್ತೋ ಏನೋ, ಈಗ ಹೊರಗಿನ ದೇಶಗಳಲ್ಲೆಲ್ಲ ಕೊಡುತ್ತಾರಂತೆ ಎಂದು ಅವರು ಮೆಲ್ಲಗೆ ಕೇಳಿದರು. ರಾಯರು ನಕ್ಕರು.

"ಟಿಪ್ ಅಂದ್ರೆ ಬಡಿಸಿದವನಿಗೆ. ಪಾರ್ಸೆಲಿನಲ್ಲಿ ಬಡಿಸುವವ ಎಲ್ಲಿದ್ದಾನೆ? ನಾವೇ ಬಿಚ್ಚುವುದು, ನಾವೇ ಬಡಿಸಿಕೊಳ್ಳುವುದು, ನಾವೇ ತಿನ್ನುವುದು. ಬೇರೆ ಯಾರೂ ಏನೂ ಮಾಡಿದ್ದಿಲ್ಲವಲ್ಲ."

ಆದರೂ ಬಾಗಿಯನ್ನು ಹಾಗೇ ಕಳಿಸುವುದು ಬೇಡವೆಂದು ರಾಯರಿಗೆ ಅನಿಸಿರಬೇಕು. ಹತ್ತರ ನೋಟೊಂದನ್ನು ಎರಡು ಬೆರಳಲ್ಲಿ ಹಿಡಿದು ಹೊಸ್ತಿಲಿಗೆ ಬಂದು, ಬಾಗಿ ಒಡ್ಡಿದ ಅಂಗೈಯ ಮೇಲೆ ಒಂದು ಮೊಳ ಎತ್ತರದಿಂದ ಬಿಟ್ಟರು. ಇದು ಟಿಪ್ ಅಲ್ಲ, ಖುಷಿಗೆ ಎಂದರು. ನೋಟು ಗಾಳಿಗೆ ವಾಲಿ ಅವಳ ಕೈ ತಪ್ಪಿಸಿ ಎಲೆಗಳ ಮೇಲೆ ಬಿತ್ತು. ಅವಳು ಬಗ್ಗಿ ಹೆಕ್ಕಿಕೊಂಡಳು.

ಹತ್ತು ಗಂಟೆಗೆ ಠಾಣೆ ಊರಿನ ಅಂಗಡಿಯಿಂದ ರಿತೇಶ್ ಎರಡು ಪೆಟ್ಟಿಗೆಗಳನ್ನು ಟೆಂಪೋದಿಂದ ಇಳಿಸಿದ. ಮಂಗಳೂರಿನವರ ಮಗ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುತ್ತಿದ್ದ. ಒಂದು ಮಷಿನು ಪೆಟ್ರೋಲಿನದು, ದೊಡ್ಡದು, ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು. ಇನ್ನೊಂದು ಹಳದಿ ಬಣ್ಣದ ಸಣ್ಣದು, ಕೈಯಲ್ಲಿ ಹಿಡಿಯುವಂಥದ್ದು, ಬಾಲದಂತೆ ಉದ್ದ ವೈರು. ದೊಡ್ಡದಕ್ಕೆ ಶಕ್ತಿ ಹೆಚ್ಚು, ಮಳೆಗಾಲದಲ್ಲೂ ನಡೆಯುತ್ತದೆ, ಆದರೆ ತೂಕ ಮತ್ತು ಸದ್ದು. ಸಣ್ಣದು ಹಗುರ, ಸದ್ದು ಕಡಿಮೆ, ಆದರೆ ವೈರಿನ ಉದ್ದಕ್ಕಷ್ಟೇ ಹೋಗುತ್ತದೆ, ಒದ್ದೆಗೆ ಬಾರದು. ಹೀಗೆ ಅವನು ಬಾಯಿಪಾಠ ಒಪ್ಪಿಸಿದ.

ದೊಡ್ಡದನ್ನು ಅವನೇ ಬೆನ್ನಿಗೆ ಹಾಕಿಕೊಂಡು ಹಗ್ಗ ಎಳೆದ. ಸೊಸೈಟಿಯ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಕಿಟಕಿ ಕಿಟಕಿಗಳಲ್ಲಿ ಮುಖಗಳು ಮೂಡಿದವು. ಮೇಲೆ ಮೇಲೆ ಬಿದ್ದು ಗಾಳಿಗೆ ಆರಿದ ಎಲೆಗಳು ಮೊದಲ ಮಾಳಿಗೆಯವರೆಗೆ ಹಾರಿ, ಸುತ್ತಿ, ಪುಷ್ಪಾವತಿಯವರು ಬೆಳಿಗ್ಗೆ ಒಣಹಾಕಿದ್ದ ಬಟ್ಟೆಗಳ ಮೇಲೆ ಧೂಳಿನ ಸಮೇತ ಇಳಿದವು. ನೆಲಕ್ಕಂಟಿದ ಒದ್ದೆ ಎಲೆಗಳು ಮಾತ್ರ ಕಿವಿ ಅಲುಗಿಸಿ ಅಲ್ಲೇ ಮಲಗಿದವು. ರಿತೇಶ್ ಮೂತಿಯನ್ನು ಎಷ್ಟು ಹತ್ತಿರ ಹಿಡಿದರೂ ಏಳಲಿಲ್ಲ. ಪೊರಕೆಯಿಂದ ಅವನ್ನೊಮ್ಮೆ ಎಬ್ಬಿಸಿಕೊಡು, ಆಮೇಲೆ ಮಷಿನು ಹಾರಿಸುತ್ತದೆ ಎಂದು ರಾಯರು ಬಾಗಿಗೆ ಹೇಳಿದರು. ಅವಳು ಮುಂದೆ ಮುಂದೆ ಎಬ್ಬಿಸುತ್ತ ಹೋದಳು, ಮಷಿನು ಹಿಂದೆ ಹಿಂದೆ ಹಾರಿಸುತ್ತ ಬಂತು. ಮೇಲಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಇನ್ನು ಹೊರಬೇಕಾದವರೇ ಹೊತ್ತು ನೋಡಲಿ ಎಂದಾಯಿತು. ಬಾಗಿಯ ಬೆನ್ನಿಗೆ ಮಷಿನು ಕಟ್ಟಿದರು. ಭಾರವೇನೋ ಭಾರವೇ, ಆದರೆ ಊರಿನಲ್ಲಿ ಗಾರೆ ಹೊತ್ತ ಬೆನ್ನು, ತಡೆಯಿತು. ನಾಲ್ಕು ಹೆಜ್ಜೆ ನಡೆದಳು. ಗಾಳಿ ತನ್ನ ಕೈಯ ಮಾತು ಕೇಳುತ್ತಿದೆಯೆಂದು ಒಂದು ಗಳಿಗೆ ಅವಳಿಗೆ ಹಿಗ್ಗು ಕೂಡ ಆಯಿತು. ರಾಯರು ಅವಳ ಸುತ್ತ ಒಂದು ಸುತ್ತು ಬಂದು, ರಟ್ಟೆ ನೋಡಿ, ಬೆನ್ನು ನೋಡಿ, ಗಟ್ಟಿ ಇದ್ದಾಳೆ ಎಂದರು. ನಾಕಾದ ಮುಕಾದಮನ ದನಿಯೇ ಅದು. ಅವನು ಮುಟ್ಟಿ ನೋಡುತ್ತಿದ್ದ, ಇವರು ಮುಟ್ಟದೆ ನೋಡಿದರು.

ಆಮೇಲೆ ಗಂಗಾ. ಬೇಡವೆಂದು ಬಾಗಿ ಹೇಳುವಷ್ಟರಲ್ಲಿ ಪಟ್ಟಿಗಳು ಅವಳ ಹೆಗಲಿಗೆ ಬಿದ್ದಿದ್ದವು. ಗಂಗಾ ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಮೊಣಕಾಲು ಕುಸಿದು ಎಲೆಗಳ ನಡುವೆ ಅಂಗೈ ಊರಿ ಕೂತಳು. ಮಷಿನು ಬೆನ್ನ ಮೇಲೆ ಕೂತೇ ಇತ್ತು.

"ಎಲೆ ಬಿಟ್ಟು ನಿನ್ನನ್ನೇ ಹಾರಿಸೀತು ಅದು, ಗಂಗಾ," ಎಂದರು ರಾಯರು. ಕಮಿಟಿಯ ನಾಲ್ಕೈದು ಮಂದಿ ನಕ್ಕರು. ಗಂಗಾಳೂ ನಕ್ಕಳು, ನಗದಿದ್ದರೆ ಹೇಗೆಂದು. ರಿತೇಶ್ ಮಾತ್ರ ಯಾರ ಮುಖವನ್ನೂ ನೋಡದೆ ಬಗ್ಗಿ ಪಟ್ಟಿ ಬಿಚ್ಚಿದ. ಆಗೊಮ್ಮೆ ಅವನ ಬಾಯಿಂದ ಕನ್ನಡ ಬಂತು. "ಪೆಟ್ಟಾಯ್ತಾ ಅಮ್ಮ?" ಎಂದ, ಮೆಲ್ಲಗೆ.

ಕಮಿಟಿಯವರು ಎರಡಾದರು. ಕೆಲಸ ಬೇಗ ಮುಗಿಯುವ ದೊಡ್ಡದೇ ಇರಲಿ ಎಂದು ರಾಯರು. ತಮ್ಮ ಬಟ್ಟೆ, ಎದುರು ಮನೆಯ ಬಾಣಂತಿ, ಈ ಸದ್ದು, ಸಣ್ಣದೇ ಸಾಕು ಎಂದು ಪುಷ್ಪಾವತಿಯವರು. ಮಾತು ಜಗ್ಗಾಡಿತು. ಕೊನೆಗೆ ರಾಯರು ಬಾಗಿಯ ಕಡೆ ತಿರುಗಿದರು. ಹಿಡಿಯುವವಳನ್ನೇ ಕೇಳಿಬಿಡುವ, ನಮ್ಮದು ಡೆಮಾಕ್ರಸಿ ಎಂದರು. ಅವಳು ಯಾವುದನ್ನು ಹೇಳಬೇಕೆಂಬುದು ಅವರ ಮುಖದಲ್ಲೇ ಇತ್ತು.

ಬಾಗಿ ಎರಡೂ ಮಷಿನುಗಳನ್ನು ನೋಡಿದಳು. ದೊಡ್ಡದು ಎಂದರೆ ಮುಗಿಯಿತು. ಹೊರುವವಳು ಒಬ್ಬಳೇ, ಅವಳು ಯಾರೆಂದು ಎಲ್ಲರೂ ಕಣ್ಣಾರೆ ಕಂಡಿದ್ದಾರೆ. ನಾಳೆಯೂ ಕಳವಾದಿಂದ ಮೊದಲ ಲೋಕಲ್ ರೈಲು, ಮಗಳ ಶಾಲೆ, ಗಂಡ ಬದಲಾಪುರದ ಕಡೆ ಗುಂಡಿ ತೋಡಲು ಹೋದರೂ ಹೋಗದಿದ್ದರೂ ಉರಿಯುವ ಒಲೆ. ಸಣ್ಣದೆಂದರೆ ಯಾರಾದರೂ ಹಿಡಿಯಬಹುದು. ಯಾರಾದರೂ ಹಿಡಿಯಬಹುದಾದರೆ, ಎದುರು ಮಾತಾಡದ ಮುದುಕಿಯೇ ವಾಸಿಯೆಂದು ಇವರಿಗೆ ಅನ್ನಿಸಬಹುದು. ಗಂಗಾ ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಕೂತು ಅಂಗೈಗೆ ಚುಚ್ಚಿದ ಕಡ್ಡಿಯೊಂದನ್ನು ಹಲ್ಲಿನಿಂದ ತೆಗೆಯುತ್ತಿದ್ದಳು.

"ಸಣ್ಣದು ಚಲೋ ಅದ ರೀ."

"ಯಾಕೆ?"

"ದೊಡ್ಡದು ಗಂಗಕ್ಕಗ ಎತ್ಲಾಕ ಬರಂಗಿಲ್ರಿ."

"ನಿನ್ನ ಹತ್ರ ಕೇಳಿದ್ದು ಮಷಿನಿನ ವಿಷಯ," ಎಂದರು ರಾಯರು. "ಗಂಗಾಳ ವಿಷಯ ಯಾರು ಕೇಳಿದರು?"

ಆದರೆ ಅಷ್ಟರಲ್ಲಿ ಪುಷ್ಪಾವತಿಯವರು, ನೋಡಿ, ಅವಳೇ ಹೇಳಿದಳಲ್ಲ ಎಂದು ಖರೀದಿಯ ಕಾಗದ ಮುಂದೆ ತಳ್ಳಿದ್ದರು. ಬಟ್ಟೆಯ ಮೇಲೆ ಧೂಳು ಕೂರಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಹಳದಿ ಮಷಿನಿಗೆ ಸಹಿಗಳು ಬಿದ್ದವು. ರಾಯರು ರಿತೇಶನ ಕೈ ಕುಲುಕಿ, ಕುಲುಕಿದ ಕೈಯಲ್ಲೇ ಮಡಿಸಿದ ನೂರರ ನೋಟೊಂದನ್ನು ಬಿಟ್ಟು, ಚಹಾ ಕುಡಿ ಎಂದರು. ಟೆಂಪೋ ದೊಡ್ಡ ಮಷಿನನ್ನು ಹೊತ್ತು ಗೇಟು ದಾಟಿತು.

ಆಮೇಲೆ ಇಬ್ಬರನ್ನೂ ಕರೆದು ಹೊಸ್ತಿಲ ಹೊರಗೆ ನಿಲ್ಲಿಸಿ ರಾಯರು ಶಾಂತವಾಗಿ ಹೇಳಿದರು. ಇಂಥ ಹಗುರ ಮಷಿನು ಇದ್ದಮೇಲೆ ಒಬ್ಬರೇ ಸಾಕು. ಯಾರೆಂದು ಅವರು ಹೇಳುವುದಿಲ್ಲ.

"ನೀವಿಬ್ಬರೇ ಮಾತಾಡಿಕೊಂಡು ಹೇಳಿ. ನಮ್ಮ ಮೇಲೆ ಆ ಪಾಪ ಬೇಡ. ಅದಕ್ಕೆ ಮೊದಲು ಈ ಎಲೆ ಎಲ್ಲ ಗುಡಿಸಿಬಿಡಿ. ಮಧ್ಯಾಹ್ನ ಜನ ಬರ್ತಾರೆ, ಚಂದ ಕಾಣುವುದಿಲ್ಲ."

ಇಬ್ಬರೂ ಪಂಪಿನ ಕೋಣೆಯ ಹಿಂದೆ ಹೋಗಿ ಕೂತರು. ಮಂಜು ಕರಗಿ ಬಿಸಿಲು ಬಿದ್ದಿತ್ತು. ಎಲೆಗಳು ಒಣಗತೊಡಗಿ ಒಂದೊಂದಾಗಿ ಮಗ್ಗುಲು ಬದಲಿಸುತ್ತಿದ್ದವು. ಗಂಗಾ ರಾಯರ ತಾಯಿಯಿಂದ ಹಿಡಿದು ಮಷಿನು ಮಾಡಿದವನ ತಾಯಿಯವರೆಗೆ ಯಾರನ್ನೂ ಬಿಡದೆ ಬೈದಳು. ಬೈದು ಮುಗಿದ ಮೇಲೆ ದನಿ ಇಳಿಸಿ, ತಾನು ಊರಿಗೆ ಹೋಗುವುದಾಗಿ ಹೇಳಿದಳು. ಊರಿನಲ್ಲಿ ಅವಳಿಗೆ ಗೋಡೆಯೊಂದು ಉಳಿದಿದೆಯೆಂದೂ, ಅದರ ಮೇಲೆ ಬೇರೆಯವರ ಸೂರು ಬಿದ್ದಿದೆಯೆಂದೂ ಇಬ್ಬರಿಗೂ ಗೊತ್ತಿತ್ತು.

"ನಿನಗ ಮಗಳ ಅದಾಳ. ನೀ ಇರು," ಎಂದಳು ಗಂಗಾ. "ನಂದೇನದ, ಉದುರೋ ಎಲಿ."

ಗಂಗಾ ಗೋಡೆ ಹಿಡಿದು ಎದ್ದು, ಗಿಡ್ಡ ಪೊರಕೆ ತೆಗೆದುಕೊಂಡು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಗೇಟಿನ ಕಡೆಯ ತನ್ನ ಪಾಲಿನಲ್ಲಿ ಬಗ್ಗಿದಳು. ಹೇಳಿದರಲ್ಲ, ಗುಡಿಸಬೇಕು.

ಬಾಗಿ ಕಮಿಟಿಯ ಕೋಣೆಗೆ ಬಂದಳು. ಸ್ಟೂಲನ್ನು ಕಾಲಿನಿಂದಲ್ಲ, ಕೈಯಿಂದ ಎತ್ತಿ ಬದಿಗಿಟ್ಟಳು. ಹೊಸ್ತಿಲು ದಾಟಿದಳು. ಒಳಗೆ ಬಿಚ್ಚಿದ ಬಾಳೆಲೆಗಳು, ಹರಿದ ದಾರಗಳು, ಖಾಲಿ ತೊಟ್ಟೆಗಳು ಮೇಜಿನ ತುಂಬ. ರಾಯರು ಎಡಗೈಯಲ್ಲಿ ಕಾಗದ ಹಿಡಿದು ಓದುತ್ತಿದ್ದರು, ಬಲಗೈ ಮೇಜಿನ ಮೇಲೆ ಅಂಗಾತವಾಗಿತ್ತು. ಬಾಗಿ ಆ ಕೈಯನ್ನು ತನ್ನ ಎಡಗೈಯಲ್ಲಿ ಎತ್ತಿಕೊಂಡು, ಹತ್ತರ ನೋಟನ್ನು ಅಂಗೈ ನಡುವೆ ಇಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಮಗುವಿನ ಕೈಗೆ ಕಾಸು ಕೊಟ್ಟು ಬೀಳಿಸಬೇಡವೆಂದು ಮಡಿಸುವ ಹಾಗೆ. ಮಡಿಸಿದ ಮೇಲೂ ಒಂದು ಗಳಿಗೆ ಒತ್ತಿ ಹಿಡಿದಿದ್ದಳು.

"ಪಾರ್ಸಲ್ದು ರೀ," ಎಂದಳು. "ನೀವಾ ಬಿಚ್ಚೀರಿ, ನೀವಾ ಬಡಿಸ್ಕೊಂಡೀರಿ, ನೀವಾ ತಿಂದೀರಿ. ನಾ ಏನೂ ಮಾಡಿಲ್ಲ. ಗಂಗಕ್ಕ ಇರ್ತಾಳ."

ರಾಯರು ಎದ್ದು ನಿಂತರು. ಮುಷ್ಟಿ ಬಿಚ್ಚಲೂ ಆಗದೆ, ಮುಚ್ಚಿಟ್ಟುಕೊಳ್ಳಲೂ ಆಗದೆ, ಆ ಕೈಯನ್ನು ಮೈಯಿಂದ ದೂರ ಚಾಚಿಕೊಂಡು, ಒದ್ದೆ ಬಟ್ಟೆ ಹಿಡಿದವರಂತೆ ಹೊರಗಿನ ನಲ್ಲಿಯವರೆಗೆ ನಡೆದರು. ಎಡಗೈಯಲ್ಲಿ ಸಹಿಯಾದ ಕಾಗದ. ನಲ್ಲಿ ತಿರುಗಿಸಲು ಕೈಯಿರಲಿಲ್ಲ. ಅಲ್ಲೇ ನಿಂತರು.

ಬಾಗಿ ಹಿಂದಿನ ಗೋಡೆಯವರೆಗೆ ಹೋದಳು. ಅವಳ ಪಾಲಿನ ಅಂಗಳದಲ್ಲಿ, ಬೆಳಿಗ್ಗೆ ಒಮ್ಮೆ ಗುಡಿಸಿದ್ದ ಎಲೆಗಳೆಲ್ಲ ಹರವಿದಂತೆಯೇ ಬಿದ್ದಿದ್ದವು. ಅವನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಪೊರಕೆಯನ್ನು ಎತ್ತಿಕೊಂಡು, ಎಂಟು ವರ್ಷ ತನ್ನ ಅಂಗೈ ಸವೆಸಿದ ಜಾಗವನ್ನು ಸೆರಗಿನಿಂದ ಒರೆಸಿದಳು. ನಾಳೆ ಬೆಳಿಗ್ಗೆ ನಾಕಾ. ಈ ಸಲ ಹೊಟ್ಟೆಯಲ್ಲಿ ಏನೂ ಇಲ್ಲ, ರಟ್ಟೆ ಹಿಚುಕುವವರು ಹಿಚುಕಿ ನೋಡಬಹುದು.

ಎಲೆಗಳನ್ನು ತುಳಿಯದೆ, ಸಂದು ಹುಡುಕಿ ಹೆಜ್ಜೆಯಿಡುತ್ತ ಅವಳು ಗೇಟಿನ ಬಳಿಗೆ ಬಂದಳು. ಗಂಗಾ ತಲೆ ಎತ್ತಿ ನೋಡಿದಳು. ಬಾಗಿ ಅವಳ ಕೈಯಿಂದ ಗಿಡ್ಡ ಪೊರಕೆಯನ್ನು ಬಿಡಿಸಿ, ಬಿದಿರಿನ ಹಿಡಿಯನ್ನು ಆ ಕೈಗೆ ಕೊಟ್ಟಳು.

"ತಗೋ ಯಕ್ಕ. ಎಂಟ್ ವರ್ಷ ಇಟ್ಕೊಂಡಿದ್ನಿ."

ಹಿಡಿಯಲು ಗಂಗಾ ಸೊಂಟ ನೆಟ್ಟಗೆ ಮಾಡಿದಳು, ಎಷ್ಟಾಗುತ್ತದೋ ಅಷ್ಟು. ಅಂದು ಅವಳ ಎತ್ತರಕ್ಕೆ ಸರಿಯಾಗಿದ್ದ ಹಿಡಿ, ಈಗ ಅವಳ ತಲೆಯ ಮೇಲೆ ಒಂದು ಗೇಣು ಉಳಿಯಿತು.